ಅಮ್ಮನಿಗೆ ಬೀಳುವುದನ್ನು ಕಲಿಸಿದವನು

ನನ್ನ ಅಮ್ಮನಿಗೆ ಬೀಳುವುದನ್ನು ಕಲಿಸಿದವನು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಲೂರಿನಲ್ಲಿ ನನ್ನನ್ನು ಬಲ್ಲವರೆಲ್ಲ ನಾನೇ ಕಲಿಸಿದೆ ಅಂದುಕೊಂಡಿದ್ದಾರೆ. ಸ್ಟೇಷನ್ನಿನ ಹತ್ತಿರ ಟೀ ಕುಡಿಯುವಾಗ ಯಾರಾದರೂ "ಎಷ್ಟಾದ್ರೂ ಮಗ ಅಲ್ವಾ ಮಾಸ್ಟ್ರೇ" ಎಂದು ಹೊಗಳಿದರೆ ನಾನು ಲೋಟದೊಳಗೆ ನೋಡುತ್ತ ಟೀ ಮುಗಿಸುತ್ತೇನೆ. ಕಲಿಸಿದವನು ಮುಳಬಾಗಿಲಿನವನು. ಅವನ ಸುದ್ದಿ ಬಂದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಹೆಂಡತಿ ಅದನ್ನು ಗ್ಯಾಸ್ಟ್ರಿಕ್ ಎಂದು ತಮಾಷೆ ಮಾಡಿ ಮಜ್ಜಿಗೆ ತಂದುಕೊಡುತ್ತಾಳೆ.

ನಾನು ಜೂಡೊ ಮಾಸ್ಟರು. ಇಟ್ಟಿಗೆ ಗೂಡಿನವರು ಒಂದು ಕಾಲಕ್ಕೆ ಸಾಮಾನು ತುಂಬುತ್ತಿದ್ದ ಗೋಡೌನನ್ನು ಬಾಡಿಗೆಗೆ ಹಿಡಿದು ಮ್ಯಾಟ್ ಹಾಸಿದ್ದೇನೆ. ಎಷ್ಟು ಗುಡಿಸಿದರೂ ಮ್ಯಾಟಿನ ಅಂಚಿನಲ್ಲಿ ಕೆಂಪು ಪುಡಿ ಇದ್ದೇ ಇರುತ್ತದೆ. ಬಂದು ಸೇರಿದ ಮಕ್ಕಳಿಗೆ ಮೊದಲ ಕೆಲವು ತಿಂಗಳು ನಾನು ಕಲಿಸುವುದು ಬೀಳುವುದನ್ನು ಮಾತ್ರ. ಹಿಂದಕ್ಕೆ ಬಿದ್ದರೆ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆ ನೆಲಕ್ಕೆ ತಾಗಬಾರದು. ಪಕ್ಕಕ್ಕೆ ಬಿದ್ದರೆ ಮೊದಲು ಮಂಡಿ ಬಗ್ಗಬೇಕು, ಆಮೇಲೆ ತೊಡೆಯ ಹೊರಮಗ್ಗುಲು, ಪಿರ್ರೆ, ಬೆನ್ನಿನ ಪಕ್ಕ, ಹೀಗೆ ಮೆತ್ತಗಿರುವ ಜಾಗಗಳ ಮೇಲೆ ಉರುಳಿಕೊಂಡು ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಂಗೈ ಊರಬಾರದು. ಬೀಳುವವರು ಕೈ ಊರುವುದು ಹುಟ್ಟಿನಿಂದ ಬಂದ ಅಭ್ಯಾಸ, ಅದನ್ನು ಬಿಡಿಸುವುದಕ್ಕೇ ತಿಂಗಳುಗಟ್ಟಲೆ ಬೇಕು. "ಬೀಳೋದನ್ನ ಯಾರಾದ್ರೂ ಕಲಿಸ್ತಾರಾ ಮಾಸ್ಟ್ರೇ? ಹೊಡೆಯೋದು ಯಾವಾಗ?" ಎಂದು ಅಪ್ಪಂದಿರು ಬಂದು ಕೇಳುತ್ತಾರೆ. ಹೊಡೆಯಲು ಬಂದವನು ಎದುರಿಗೆ ಸಿಗುವುದು ಜೀವಮಾನದಲ್ಲಿ ಒಂದು ಸಲವೋ ಎರಡು ಸಲವೋ, ಜಾರುವ ನೆಲ ದಿನಾ ಸಿಗುತ್ತದೆ ಎಂದು ನಾನು ಹೇಳುತ್ತೇನೆ. ಅವರು ಒಪ್ಪದೆಯೇ ಹೋಗುತ್ತಾರೆ.

ಮುಳಬಾಗಿಲಿನವನೂ ನಾನೂ ಒಬ್ಬರೇ ಗುರುಗಳ ಹತ್ತಿರ ಕೋಲಾರದಲ್ಲಿ ಕಲಿತವರು. ನಾನು ಸೀನಿಯರ್. ಅವನು ಹೊಸದಾಗಿ ಬಂದಾಗ ಅವನನ್ನು ಮ್ಯಾಟಿನ ಮೇಲೆ ಎತ್ತಿಹಾಕಿ ಎತ್ತಿಹಾಕಿ ಬೀಳುವುದನ್ನು ಕಲಿಸಿದ್ದು ನಾನೇ. ರಾಗಿ ಮೂಟೆ ಕೆಡವಿದ ಹಾಗೆ ಬೀಳುತ್ತಿದ್ದ. ಬಿದ್ದವನು ನಗುತ್ತಿದ್ದ, ಅದಕ್ಕೆ ಗುರುಗಳೂ ನಗುತ್ತಿದ್ದರು. ನಾನು ಸರಿಯಾಗಿ ಬಿದ್ದರೆ ಗುರುಗಳು "ಹೂಂ" ಅನ್ನುತ್ತಿದ್ದರು, ಅಷ್ಟೇ. ಕೆಲವರಿಗೆ ಎಲ್ಲರ ಪ್ರೀತಿಯೂ ಬಿಟ್ಟಿ ಸಿಗುತ್ತದೆ, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಅವನು ಆ ಜಾತಿಯವನು.

ಆಮೇಲೆ ಅವನು ಮುಳಬಾಗಿಲಿನಲ್ಲಿ ಕ್ಲಾಸು ಶುರು ಮಾಡಿದ. ಅಷ್ಟಕ್ಕೇ ಇದ್ದಿದ್ದರೆ ನಾನು ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಮಾವಿನ ಕಾಲದಲ್ಲಿ ಯಲ್ದೂರಿನ ತೋಪುಗಳಿಗೆ ಹೋಗಿ ಕಾಯಿ ಕೀಳುವವರಿಗೆ ಬೀಳುವುದನ್ನು ಹೇಳಿಕೊಡತೊಡಗಿದ. ಕೊಂಬೆಯಿಂದ, ಏಣಿಯಿಂದ ಬಿದ್ದು ಕೈಕಾಲು ಮುರಿದುಕೊಳ್ಳುವವರು ಶ್ರೀನಿವಾಸಪುರದ ಕಡೆ ಪ್ರತಿ ವರ್ಷ ಇರುತ್ತಾರೆ. ಏಣಿಯ ಕೆಳಗಿನ ಮೆಟ್ಟಿಲಿನಿಂದ ಹಾರಿ, ಮಂಡಿ ಬಗ್ಗಿಸಿ, ಒಣ ಎಲೆಯ ಮೇಲೆ ಉರುಳುವುದು ಅವನ ಪಾಠ. ಪೇಪರಿನವರು ಬಂದು ಫೋಟೊ ತೆಗೆದರು. ಪಂಚೆ ಎತ್ತಿ ಕಟ್ಟಿದ ಗಂಡಸರು ಸಾಲಾಗಿ ಎಲೆಯ ಮೇಲೆ ಮಲಗಿದ್ದಾರೆ, ನಡುವೆ ಇವನು ಬಿಳಿ ಡ್ರೆಸ್ಸಿನಲ್ಲಿ ಹಲ್ಲು ಬಿಡುತ್ತ ನಿಂತಿದ್ದಾನೆ. ಆ ಯೋಚನೆ ನನಗೆ ಅವನಿಗಿಂತ ಮೊದಲೇ ಬಂದಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ, ಅದು ಬೇರೆ ವಿಷಯ. ಕೋಲಾರದಲ್ಲಿ ಕಲಿಯುವಾಗ ಒಂದೆರಡು ಸಲ ನಮ್ಮ ಮನೆಗೆ ಬಂದಿದ್ದ ಹುಡುಗ ಎಂದು ಆ ಪೇಪರನ್ನು ಅಮ್ಮ ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ನನ್ನ ಫೋಟೊ ಪೇಪರಿನಲ್ಲಿ ಬಂದಿಲ್ಲ, ಆದ್ದರಿಂದ ಅವಳನ್ನು ದೂರುವುದೂ ಸರಿಯಲ್ಲ. ಆದರೂ ದೂರಿದೆ.

ಹೀಗಿರುವಾಗ ಅಮ್ಮ ಬಿದ್ದಳು. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಸೋಪಿನ ನೀರಿನಲ್ಲಿ ಕಾಲು ಜಾರಿತು. ಎಲ್ಲರೂ ಮಾಡುವ ಹಾಗೆ ಅವಳೂ ಅಂಗೈ ಊರಿದಳು. ಬಲಗೈಯ ಮಣಿಕಟ್ಟು ಮುರಿಯಿತು. ಕೋಲಾರಕ್ಕೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು, "ಮೂಳೆ ತುಂಬಾ ಸವೆದಿದೆ ಸರ್. ಕೈ ಆದದ್ದು ಪುಣ್ಯ. ಇನ್ನೊಂದು ಸಲ ಬಿದ್ದು ಸೊಂಟ ಹೋಯ್ತು ಅಂದ್ರೆ ಈ ವಯಸ್ಸಲ್ಲಿ ಎದ್ದು ಓಡಾಡೋದು ಕಷ್ಟ. ಬೀಳದ ಹಾಗೆ ನೋಡ್ಕೊಳ್ಳಿ." ಆಮೇಲೆ ಮಾತಿಗೆ, "ನೀವೇನು ಕೆಲ್ಸ ಮಾಡ್ತೀರಾ?" ಎಂದು ಕೇಳಿದರು. ಪೆಟ್ಟಾಗದ ಹಾಗೆ ಬೀಳುವುದನ್ನು ಕಲಿಸುತ್ತೇನೆ ಎಂದೆ. ಡಾಕ್ಟರು ನನ್ನನ್ನೂ ಅಮ್ಮನ ಕಟ್ಟನ್ನೂ ನೋಡಿ ಮಾತ್ರೆ ಚೀಟಿ ಬರೆಯತೊಡಗಿದರು, ಒಳ್ಳೆಯವರು. ನಮ್ಮ ಬೀದಿಯವರು ಅಷ್ಟು ಒಳ್ಳೆಯವರಲ್ಲ. ಮಾಸ್ಟರ ಅಮ್ಮನೇ ಬಿದ್ದು ಕೈ ಮುರಿದುಕೊಂಡರಂತೆ ಎಂಬ ಸುದ್ದಿ ನಾವು ಮನೆ ಸೇರುವ ಮೊದಲೇ ಮಾರ್ಕೆಟ್ಟಿನವರೆಗೆ ಹೋಗಿತ್ತು.

ಕಟ್ಟು ಬಿಚ್ಚಿದ ಮೇಲೂ ಅಮ್ಮ ಮೊದಲಿನ ಹಾಗೆ ಆಗಲಿಲ್ಲ. ಗೋಡೆ ಹಿಡಿದು ನಡೆಯುವುದು, ಹೊಸಿಲು ದಾಟುವಾಗ ನಿಂತು ಯೋಚಿಸುವುದು. ಸಂಜೆ ಎದುರುಮನೆ ಜಗುಲಿಗೆ ಹೋಗಿ ಹರಟುತ್ತಿದ್ದವಳು ಅದನ್ನೂ ಬಿಟ್ಟಳು. ಹೆದರಿ ಮೈ ಬಿಗಿ ಹಿಡಿದು ನಡೆಯುವವರೇ ಬೇಗ ಬೀಳುತ್ತಾರೆ, ಬಿಗಿದ ಮೈಯೇ ಜೋರಾಗಿ ಮುರಿಯುತ್ತದೆ. ಇದು ನನ್ನ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅವಳ ಸೊಂಟ ಉಳಿಯಬೇಕಾದರೆ ಅವಳು ಬೀಳುವುದನ್ನು ಕಲಿಯಬೇಕು, ಬೇರೆ ದಾರಿಯಿಲ್ಲ. ಡಾಕ್ಟರನ್ನು ಮತ್ತೆ ಹೋಗಿ ಕೇಳಿದೆ. ದಪ್ಪ ಹಾಸಿಗೆ ಹಾಕಿ, ಕೂತಲ್ಲಿಂದ ಶುರು ಮಾಡಿ, ನಿಧಾನಕ್ಕೆ ಮಾಡಿಸಿ ಎಂದರು.

ಮನೆಯ ಹಾಸಿಗೆಗಳನ್ನೆಲ್ಲ ನಡುಮನೆಗೆ ತಂದು ಒಂದರ ಮೇಲೊಂದು ಹಾಕಿದೆ. ಅಮ್ಮನನ್ನು ನಡುವೆ ಕೂರಿಸಿದೆ.

"ಬೀಳಮ್ಮಾ," ಎಂದೆ.

"ಬಿಡ್ತು ಅನ್ನು!" ಎಂದು ಗದರಿದಳು. "ಹೆತ್ತ ತಾಯಿಗೆ ಬೀಳು ಅಂತೀಯೇನ್ಲಾ? ಬಾಯಲ್ಲಿ ಒಳ್ಳೇ ಮಾತು ಬರಲ್ವಾ?"

ಬಿಡ್ತು ಎಂದೆ. ಬಿಡ್ತು ಎಂದ ಮೇಲೆ ಪಾಠ ಮುಂದುವರಿಸುವುದು ಹೇಗೆ? ನಮ್ಮಲ್ಲಿ ಯಾರಿಗಾದರೂ ಬೀಳು ಎಂದರೆ ಅದು ಶಾಪ. ಮಕ್ಕಳಿಗೆ ಅದು ತಟ್ಟುವುದಿಲ್ಲ, ಅವರಿಗೆ ಬೀಳುವುದು ಆಟ. ವಯಸ್ಸಾದವರ ಕಿವಿಗೆ ಬೇರೆ ಥರ ಕೇಳುತ್ತದೆ. ನಾನು ಮಾತು ಬದಲಾಯಿಸಿ ವಾಲು ಎಂದೆ, ಉರುಳು ಎಂದೆ, ಪಕ್ಕಕ್ಕೆ ಹೋಗು ಎಂದೆ. ಅಮ್ಮ ಕಂಬದ ಹಾಗೆ ಕೂತಳು. ಭುಜ ಮುಟ್ಟಿ ಮೆಲ್ಲಗೆ ತಳ್ಳಿದರೆ ಕೈ ಚಾಚಿ ನನ್ನ ಷರಟನ್ನು ಹಿಡಿದುಕೊಂಡಳು. ಬಿಡಿಸಿದೆ. ಮತ್ತೆ ಹಿಡಿದಳು. ಎರಡು ಗುಂಡಿ ಕಿತ್ತುಬಂದವು. ಕೈ ಚಾಚಬೇಡ, ಕೈಯೇ ನಿನ್ನ ಶತ್ರು ಎಂದು ಮ್ಯಾಟಿನ ಮೇಲೆ ಕೂಗುವ ಹಾಗೆ ಕೂಗಿದೆ. ಅವಳು ಎದ್ದು ಸೆರಗು ಸರಿ ಮಾಡಿಕೊಂಡು, "ನಿಮ್ಮಪ್ಪನೂ ಹಿಂಗೇ ಕಿರುಚ್ತಿದ್ರು" ಎಂದು ಅಡುಗೆಮನೆಗೆ ಹೋದಳು. ಹಲವು ದಿನ ಹೀಗೇ ನಡೆಯಿತು. ಊರಿನ ಮಕ್ಕಳಿಗೆಲ್ಲ ಕಲಿಸಿದವನಿಗೆ ಮನೆಯಲ್ಲಿ ಒಬ್ಬರಿಗೆ ಕಲಿಸಲು ಆಗಲಿಲ್ಲ.

ಅಂಥ ಒಂದು ದಿನ ಮುಳಬಾಗಿಲಿನವನು ಬಂದ. ಅಮ್ಮ ಬಿದ್ದ ಸುದ್ದಿ ತಡವಾಗಿ ಕೇಳಿ ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣು ಹೊತ್ತುಕೊಂಡು ಬಸ್ಸಿನಲ್ಲಿ ಬಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ತೆಲುಗಿನಲ್ಲಿ ಕ್ಷೇಮ ಕೇಳಿದ, "ಏಮ್ಮಾ, ಬಾಗುಂಡಾವಾ?"

ಇಲ್ಲಿ ಒಂದು ವಿಷಯ ಹೇಳಬೇಕು. ಅಮ್ಮನ ತವರು ಮುಳಬಾಗಿಲಿನಿಂದಾಚೆ, ಆಂಧ್ರದ ಗಡಿಗೆ ತಾಗಿಕೊಂಡಿರುವ ಹಳ್ಳಿ. ಅವಳ ಮನೆಮಾತು ತೆಲುಗು. ಮಾಲೂರಿಗೆ ಮದುವೆಯಾಗಿ ಬಂದ ಮೇಲೆ ನಮ್ಮಜ್ಜಿಗೆ ಅದು ಹಿಡಿಸಲಿಲ್ಲವಂತೆ. ಅಮ್ಮ ಕನ್ನಡಕ್ಕೆ ಹೊಂದಿಕೊಂಡಳು, ನಾನು ಕನ್ನಡದಲ್ಲೇ ಬೆಳೆದೆ. ನನಗೆ ತೆಲುಗು ಬರುವುದಿಲ್ಲ ಎಂದಲ್ಲ. ಕೋಲಾರದ ಮಂಡಿಯಲ್ಲಿ ಟೊಮೆಟೊ ಕೊಳ್ಳುವಷ್ಟು ಬರುತ್ತದೆ. ಮಾತು ಅರ್ಥವಾಗುತ್ತದೆ, ಆದರೆ ಮಾತಿನ ರಾಗ ಸಿಗುವುದಿಲ್ಲ. ಅದರಲ್ಲಿ ಬೈಯುತ್ತಿದ್ದಾರೋ ಮುದ್ದು ಮಾಡುತ್ತಿದ್ದಾರೋ ಎಂದು ತಿಳಿಯಲು ನಾನು ಮುಖ ನೋಡಬೇಕು.

ಅಮ್ಮ ಅವನನ್ನು "ನಾಯನಾ" ಎಂದು ಕರೆದಳು. ತೆಲುಗಿನಲ್ಲಿ ಅದು ಮಗನನ್ನು ಮುದ್ದಿನಿಂದ ಕರೆಯುವ ಮಾತು. ನನ್ನನ್ನು ಯಾವತ್ತೂ ಹಾಗೆ ಕರೆದಿಲ್ಲ, ನನಗೆ ಸಿಗುವುದು "ಲೇ". ಹಣ್ಣು ಹೆಚ್ಚಿಕೊಂಡು ಬಂದು ಅವನ ಎದುರು ಕೂತಳು. ಗಡಿ ಕಡೆಯ ಯಾವುದೋ ಊರು, ಯಾವುದೋ ಬಾವಿ, ಯಾರದೋ ಎಮ್ಮೆಯ ಕತೆ. ಇಬ್ಬರೂ ನಕ್ಕರು. ಅಮ್ಮ ಬಾಯಿ ತುಂಬ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಹಾಗೆ ನಗಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಪಕ್ಕದ ರೂಮಿನಲ್ಲಿ ಕಿತ್ತುಹೋದ ಗುಂಡಿ ಹೊಲಿಯುತ್ತ ಕೂತಿದ್ದೆ. ಸೂಜಿ ಚುಚ್ಚಿತು.

ಆಮೇಲೆ ಅವನು ನಡುಮನೆಯ ಹಾಸಿಗೆ ರಾಶಿ ನೋಡಿ ಏನಿದು ಎಂದು ಕೇಳಿದ. ಅಮ್ಮ ನನ್ನ ಮೇಲೆ ದೂರು ಹೇಳಿದಳು. ಅವನು ಅವಳನ್ನು ಹಾಸಿಗೆಯ ಮೇಲೆ ಕೂರಿಸಿ, ತಾನೂ ಎದುರಿಗೆ ಕೂತು, "ಪಡುಕೋಮ್ಮಾ" ಎಂದ. ಅಮ್ಮ ಪಕ್ಕಕ್ಕೆ ಒರಗಿ ಮಲಗಿದಳು.

ಅಷ್ಟೇ. ಗದ್ದ ಒಳಗೆ, ತೊಡೆ ಮೊದಲು, ಬೆನ್ನಿನ ಪಕ್ಕ ಆಮೇಲೆ, ಕೈ ಎದೆಯ ಹತ್ತಿರ. ನಾನು ಗಂಟಲು ಹರಿದುಕೊಂಡರೂ ಆಗದ್ದು ಅವನ ಒಂದು ಮಾತಿಗೆ ಆಯಿತು. ತೆಲುಗಿನಲ್ಲಿ ಪಡು ಎಂದರೆ ಬೀಳು. ಪಡುಕೋ ಎಂದರೆ ಮಲಗು. ಬೀಳುವುದೂ ಮಲಗುವುದೂ ಒಂದೇ ಬೇರಿನ ಮಾತು. ಅಮ್ಮನಿಗೆ ಅವನು ಬೀಳು ಅನ್ನಲೇ ಇಲ್ಲ, ಮಲಗು ಎಂದ. ಎಳೆಮಗುವಾಗಿದ್ದಾಗ ಅವಳ ತಾಯಿ ದಿನಾ ಹೇಳಿರಬೇಕಾದ ಮಾತು ಅದು. ಅದನ್ನು ಕೇಳಿ ಮೈ ಬಿಗಿ ಹಿಡಿಯುವವರು ಯಾರು? ಅವನು ಇದನ್ನೆಲ್ಲ ಯೋಚಿಸಿ ಹೇಳಿದನೇ ಎಂದು ಆಮೇಲೆ ಕೇಳಿದ್ದೆ. "ಏನೋ ಬಾಯಿಗೆ ಬಂತು ಅಣ್ಣಾ" ಎಂದ. ಯೋಚಿಸಿ ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಬರತೊಡಗಿದ. ಕೂತಲ್ಲಿಂದ ಮಲಗಿಸಿದ. ಮಣೆಯ ಮೇಲೆ ಕೂರಿಸಿ ಅಲ್ಲಿಂದ ಮಲಗಿಸಿದ. ಆಮೇಲೆ ಸ್ಟೂಲು. ಕೊನೆಗೆ ನಿಂತಲ್ಲಿಂದ ಮಂಡಿ ಮಡಿಚಿ, ಮೈ ಕಿರಿದು ಮಾಡಿ, ಪಕ್ಕಕ್ಕೆ. ಪ್ರತಿ ಸಲವೂ ಪಡುಕೋಮ್ಮಾ, ಏಮೀ ಕಾದು, ಅಂದರೆ ಏನೂ ಆಗುವುದಿಲ್ಲ. ಬಿದ್ದು ಏಳುವುದನ್ನೂ ಕಲಿಸಿದ: ಗಾಬರಿಯಿಂದ ತಕ್ಷಣ ಏಳಬಾರದು, ಹೊರಳಿ ಮಂಡಿಯೂರಿ, ಕುರ್ಚಿ ಹಿಡಿದು ಏಳಬೇಕು. ಅಮ್ಮ ಭಾನುವಾರ ಬೆಳಗ್ಗೆಯೇ ಸ್ನಾನ ಮಾಡಿ, ಅವನಿಗೆ ಇಷ್ಟ ಎಂದು ಅವರೇಕಾಳಿನ ಸಾರು ಮಾಡಿ ಕಾಯುತ್ತಿದ್ದಳು. ನನಗೂ ಆ ಸಾರು ಇಷ್ಟ. ನನಗೆ ಇಷ್ಟ ಎಂದು ಭಾನುವಾರ ಯಾರೂ ಮಾಡಿರಲಿಲ್ಲ.

ನಾನು ಬಾಗಿಲ ಸಂದಿಯಲ್ಲಿ ನಿಂತು ಅವನ ತಪ್ಪುಗಳನ್ನು ಹುಡುಕುತ್ತಿದ್ದೆ. ಎಡಗಾಲನ್ನು ಇನ್ನೂ ಒಳಗೆ ತರಿಸಬೇಕಿತ್ತು, ತರಿಸಲಿಲ್ಲ. ಮೊಣಕೈ ಸ್ವಲ್ಪ ಹೊರಗಿತ್ತು, ನೋಡಿಕೊಳ್ಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. "ಅತ್ತೆ ಇವತ್ತು ಗೋಡೆ ಹಿಡೀದೆ ಹಿತ್ತಲಿಗೆ ಹೋದ್ರು ರೀ. ಅದನ್ನ ನೋಡಿದ್ರಾ?" ಎಂದಳು. ನೋಡಿರಲಿಲ್ಲ.

ಒಂದು ವಾರದ ನಡುವೆ ಅವನಿಲ್ಲದಾಗ ನಾನೂ ಆ ಮಾತನ್ನು ಪ್ರಯೋಗ ಮಾಡಿದೆ. ಮಾತು ಯಾರಪ್ಪನ ಸ್ವತ್ತೂ ಅಲ್ಲವಲ್ಲ. ಅಮ್ಮನನ್ನು ಹಾಸಿಗೆಯ ಮೇಲೆ ನಿಲ್ಲಿಸಿ, ಗಂಭೀರವಾಗಿ, "ಪಡ್ಕೋ" ಎಂದೆ. ಅವಳು ನನ್ನ ಮುಖ ನೋಡಿದಳು.

"ಏನ್ ಪಡ್ಕೊಳ್ಳೋದೋ? ಏನ್ ಕೊಡ್ತೀಯಾ?"

ನನ್ನ ಕನ್ನಡದ ನಾಲಗೆ ನಡುವಿನ ಉಕಾರವನ್ನು ನುಂಗಿತ್ತು. ಮಲಗು ಎನ್ನಲು ಹೋಗಿ ಪಡೆದುಕೋ ಎಂದಿದ್ದೆ. ಅಮ್ಮ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಗುತ್ತ ತೂಕ ತಪ್ಪಿ, ಬೀಳುವ ಹಾಗಾಗಿ, ಎರಡೂ ಕೈ ಚಾಚಿ ನನ್ನ ಭುಜ ಹಿಡಿದುಕೊಂಡಳು. ಅಂದರೆ ಅಷ್ಟು ಭಾನುವಾರ ಕಲಿತದ್ದು ನೀರುಪಾಲಾಯಿತು. ಅವಳು ಮಾತ್ರ ಭಾನುವಾರ ಬಂದವನಿಗೆ ಅದನ್ನು ಅಭಿನಯ ಮಾಡಿ ತೋರಿಸಿದಳು. ನನ್ನ ಧ್ವನಿಯನ್ನು ಚೆನ್ನಾಗಿ ಅನುಕರಿಸುತ್ತಾಳೆ ಎಂದು ಅವತ್ತೇ ಗೊತ್ತಾಯಿತು.

ಅವತ್ತು ಅವನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬರುವ ನೆಪದಲ್ಲಿ ಜೊತೆಗೆ ಹೋದೆ. ಕೋಲಾರದ ಬಸ್ಸು ಇನ್ನೂ ಬಂದಿರಲಿಲ್ಲ.

"ನೋಡಪ್ಪಾ, ಅಮ್ಮ ಕಲಿತಾಯ್ತು. ಇನ್ಮೇಲೆ ನೀನು ಅಷ್ಟು ದೂರದಿಂದ ಬರೋದು ಬೇಡ. ಮುಂದಿನದು ನಾನು ನೋಡ್ಕೊಳ್ತೀನಿ," ಎಂದೆ.

ಅವನಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು, ಆದರೆ ಕೋಪ ಮಾಡಿಕೊಳ್ಳಲಿಲ್ಲ. ಅವನು ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಅಣ್ಣಾ, ಒಂದ್ ಮಾತ್ ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ," ಎಂದ. "ಅಮ್ಮ ನಿಮ್ ಮುಂದೆ ಬೀಳಲ್ಲ. ನಾನು ನೋಡ್ತಾ ಇದ್ದೀನಿ. ನಾನೊಬ್ಬನೇ ಇದ್ರೆ ಕೈ ಎದೆ ಹತ್ರಾನೇ ಇರುತ್ತೆ. ನೀವು ಬಾಗ್ಲತ್ರ ಬಂದು ನಿಂತ್ರೆ ಸಾಕು, ಕೈ ನಿಮ್ ಕಡೆ ಬಂದ್ಬಿಡುತ್ತೆ. ನೀವು ಹಿಡ್ಕೊಳ್ತೀರಾ ಅಂತ ಅವ್ರ ಮೈಗೆ ಗೊತ್ತು. ನಾನು ಹಿಡ್ಕೊಳ್ಳಲ್ಲ ಅಂತಾನೂ ಗೊತ್ತು."

"ಹಂಗಾದ್ರೆ ನಾನೇನು ಮನೆ ಬಿಟ್ಟು ಹೋಗ್ಬೇಕಾ?"

"ಅದಲ್ಲಣ್ಣಾ. ಮನೇಲಿ ಭಾನುವಾರ ನಾನಿರ್ತೀನಿ. ರೋಡಲ್ಲಿ, ಬಸ್ಸಲ್ಲಿ, ದಿನಾ ಅವ್ರ ಪಕ್ಕದಲ್ಲಿ ಇರೋದು ನೀವೇ ಅಲ್ವಾ? ನಂಗೆ ಭಯ ಆಗೋದು ಅದಕ್ಕೇ."

ಬಸ್ಸು ಬಂತು, ಹತ್ತಿ ಹೋದ. ಅಮ್ಮನಿಗೆ ನಾನೇ ಅಪಾಯ ಎಂದು ಹೇಳಿ ಹೋದ ಹಾಗಾಯಿತು. ಎಷ್ಟು ಕೊಬ್ಬು ಎಂದುಕೊಂಡೆ. ಇನ್ನೊಂದು ಕಡೆ, ಅವಳ ಕೈ ಬರುವುದು ನನ್ನ ಕಡೆಗೆ ಎಂಬುದನ್ನು ಕೇಳಿ ಖುಷಿಯೂ ಆಯಿತು. ಆ ಖುಷಿಯನ್ನು ಮನೆಯವರೆಗೆ ಇಟ್ಟುಕೊಂಡು ಬರಲು ಆಗಲಿಲ್ಲ, ಯಾಕೆಂದರೆ ಮಣಿಕಟ್ಟು ಮುರಿದದ್ದು ಆ ಚಾಚುವ ಕೈಯಿಂದಲೇ. ಮುಂದಿನ ಭಾನುವಾರ ಅವನು ಬಂದ, ಬರಬೇಡ ಎಂದು ನಾನು ಮತ್ತೆ ಹೇಳಲಿಲ್ಲ. ಅವನು ಹೇಳಿದ್ದು ನಿಜವೇ ಎಂದು ನೋಡಿದೆ. ನಾನು ಹಿತ್ತಲಿನಲ್ಲಿದ್ದಷ್ಟು ಹೊತ್ತು ಕಿಟಕಿಯಿಂದ ನೋಡಿದರೆ ಅಮ್ಮ ಸೊಗಸಾಗಿ ಬೀಳುತ್ತಿದ್ದಳು. ಏನೋ ಹುಡುಕುವವನ ಹಾಗೆ ಒಳಗೆ ಬಂದೆ. ಅವಳ ಬಲಗೈ ನನ್ನ ಕಡೆ ಚಾಚಿಕೊಂಡಿತು. ಅವನು ನನ್ನನ್ನು ನೋಡಲಿಲ್ಲ, ನೋಡಬಾರದು ಎಂದೇ ನೋಡಲಿಲ್ಲ. ನಾನು ಗೋಡೌನಿಗೆ ಹೋಗಿ ಸಂಜೆಯವರೆಗೂ ಮ್ಯಾಟ್ ಒರೆಸಿದೆ.

ಕೈ ಪೂರ್ತಿ ಸರಿಹೋದ ಮೇಲೆ ಅಮ್ಮ ಕುರುಡುಮಲೆ ಗಣಪನಿಗೆ ಕೈ ಮುಗಿದು ಬರಬೇಕು ಎಂದಳು. ಸವೆದ ಮೂಳೆ ಸವೆದೇ ಇತ್ತು, ಡಾಕ್ಟರು ಹೇಳಿದ್ದ ಮಾತು ಬದಲಾಗಿರಲಿಲ್ಲ. ಆದರೂ ಅವಳಾಗಿಯೇ ಹೊರಗೆ ಹೋಗುತ್ತೇನೆ ಎಂದದ್ದು ಅದೇ ಮೊದಲು, ನಾನು ಬೇಡ ಅನ್ನಲಿಲ್ಲ. ಮುಳಬಾಗಿಲಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಆಟೋ ಮಾಡಿದೆವು. ಅವನೂ ಬರುತ್ತೇನೆ ಎಂದಿದ್ದ, ಕ್ಲಾಸು ಮುಗಿದಿರಲಿಲ್ಲ, ನೀವು ನಡೀರಿ ಎಂದು ಫೋನ್ ಮಾಡಿದ. ಅಮ್ಮನ ಮುಖ ಬಾಡಿತು. ನನ್ನ ಮುಖ ಅರಳಿತು ಎಂದು ಬೇರೆ ಹೇಳಬೇಕಾಗಿಲ್ಲ. ಇಡೀ ಬೆಳಗ್ಗೆ ಅವಳು ನನಗೊಬ್ಬನಿಗೇ ಸಿಕ್ಕಿದ್ದಳು.

ಊರಿನ ಹತ್ತಿರ ರಸ್ತೆ ಅಗೆದಿದ್ದರು. ಆಟೋದವನು ಮುಂದೆ ಹೋಗುವುದಿಲ್ಲ ಎಂದು ಇಳಿಸಿದ. ಸ್ವಲ್ಪ ದೂರ ನಡೆಯಬೇಕಿತ್ತು. ನಾನು ಅಮ್ಮನ ಬಲಗೈ ಹಿಡಿದುಕೊಂಡೆ. ಅಗೆದ ಮಣ್ಣು ಒಂದು ಕಡೆ, ರಾಗಿ ಹೊಲದ ಬದು ಇನ್ನೊಂದು ಕಡೆ. ಅವಳು ಬದುವಿನ ಪಕ್ಕಕ್ಕಿದ್ದಳು. ಏನೋ ಹೇಳುತ್ತಿದ್ದಳು, ನಾನು ನಗುತ್ತಿದ್ದೆ. ಅವಳ ಚಪ್ಪಲಿ ಒಂದು ಬೇರಿಗೆ ಸಿಕ್ಕಿಕೊಂಡಿತು.

ಅವಳು ವಾಲಿದಳು. ನನ್ನ ಕೈಯಲ್ಲಿದ್ದ ಕೈ ಒಮ್ಮೆಲೇ ಬಿಗಿಯಾಯಿತು, ಬೆರಳುಗಳು ನನ್ನ ಬೆರಳುಗಳ ನಡುವೆ ಹೊಕ್ಕವು. ಬೀಳುವವರ ಕೈಯನ್ನು ಹಿಡಿದು ಎಳೆದರೆ ಮೈ ಆ ಕೈಯ ಸುತ್ತ ತಿರುಗುತ್ತದೆ. ಉರುಳಬೇಕಾದವರು ಮುಖ ಅಡಿಯಾಗಿ, ಇಲ್ಲವೇ ನೇರ ಸೊಂಟದ ಮೂಳೆಯ ಮೇಲೆ ಬೀಳುತ್ತಾರೆ, ಹಿಡಿದ ಮಣಿಕಟ್ಟು ತಿರುಚಿಕೊಳ್ಳುತ್ತದೆ. ನನ್ನ ಕೈಯಲ್ಲಿದ್ದದ್ದು ಮುರಿದು ಕೂಡಿದ ಮಣಿಕಟ್ಟು. ಇದನ್ನೆಲ್ಲ ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ಆಗ ನನಗೆ ಗೊತ್ತಿದ್ದದ್ದು ಅವಳು ನನ್ನನ್ನು ಹಿಡಿದುಕೊಂಡಿದ್ದಾಳೆ ಎಂಬುದೊಂದೇ, ಅಷ್ಟು ತಿಂಗಳಿಂದ ಆ ಹಿಡಿತಕ್ಕಾಗಿಯೇ ನಾನು ಹೊಟ್ಟೆ ಉರಿದುಕೊಂಡಿದ್ದೆ.

ನಾನು ಬೆರಳು ಸಡಿಲ ಬಿಟ್ಟು ಕೈ ಕಿತ್ತುಕೊಂಡೆ. "ಪಡುಕೋ!" ಎಂದು ಕೂಗಿದೆ. ಅವನ ಮಾತು, ನನ್ನ ಬಾಯಿಂದ, ಉಕಾರ ಸಮೇತ ಸರಿಯಾಗಿ ಬಂತು.

ಅಮ್ಮನ ಕೈ ಖಾಲಿಯಾಯಿತು. ಒಂದು ಕ್ಷಣ ಗಾಳಿಯಲ್ಲಿ ನನ್ನನ್ನು ಹುಡುಕಿತು, ಆಮೇಲೆ ಎದೆಗೆ ಬಂತು. ಮಂಡಿ ಮಡಿಚಿತು, ಗದ್ದ ಒಳಗೆ ಹೋಯಿತು. ತೊಡೆ, ಪಿರ್ರೆ, ಬೆನ್ನಿನ ಪಕ್ಕ. ಬದುವಿನ ಹುಲ್ಲಿನ ಮೇಲೆ ಉರುಳಿ ಅಂಗಾತ ಮಲಗಿದಳು. ಎಡಗಾಲು ಎಷ್ಟು ಒಳಗಿರಬೇಕೋ ಅಷ್ಟೇ ಒಳಗಿತ್ತು.

ನಾನು ತಕ್ಷಣ ಪಕ್ಕದಲ್ಲಿ ಮಂಡಿಯೂರಿದೆ. ಸೊಂಟ ಮುಟ್ಟಿದೆ, ಮಣಿಕಟ್ಟು ಮುಟ್ಟಿದೆ, ನೋವಾ ನೋವಾ ಎಂದು ಕೇಳಿದೆ. ಅವಳು ಆಕಾಶ ನೋಡುತ್ತಿದ್ದಳು. ನೋವಿಲ್ಲ ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಿಟ್ಬಿಟ್ಯಲ್ಲೋ," ಎಂದಳು.

ಹಿಡಿದಿದ್ದರೆ ಏನಾಗುತ್ತಿತ್ತು ಎಂದು ವಿವರಿಸಲು ಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ. ಕಲಿಸಿದ ಹಾಗೆ ಹೊರಳಿ, ಮಂಡಿಯೂರಿದಳು. ಕುರ್ಚಿ ಇರಲಿಲ್ಲ, ನನ್ನ ಹೆಗಲ ಮೇಲೆ ಕೈಯಿಟ್ಟು ಎದ್ದಳು. ಸೀರೆಗೆ ಅಂಟಿದ ಹುಲ್ಲು ಕೊಡವಿಕೊಂಡು ಮುಂದೆ ನಡೆದಳು. ಗೋಡೆ ಇಲ್ಲದ, ಯಾರ ಕೈಯೂ ಇಲ್ಲದ ದಾರಿಯಲ್ಲಿ ಅವಳಷ್ಟಕ್ಕೆ ನಡೆದಳು. ನಾನು ಅವಳ ಚೀಲ ಹಿಡಿದುಕೊಂಡು ಹಿಂದೆ ಹೋದೆ. ಅಷ್ಟು ದೊಡ್ಡ ಗಣಪನ ಎದುರು ನಿಂತು ಅವಳು ಕಣ್ಣು ಮುಚ್ಚಿದಳು. ನಾನು ಅವಳ ಸೊಂಟವನ್ನೇ ನೋಡುತ್ತಿದ್ದೆ, ನೆಟ್ಟಗಿತ್ತು.

ಹೊರಗೆ ಕಟ್ಟೆಯ ಮೇಲೆ ಕೂತು ಅವನಿಗೆ ಫೋನ್ ಹಚ್ಚಿಕೊಡು ಎಂದಳು. ಹಚ್ಚಿಕೊಟ್ಟೆ. ಬಿದ್ದದ್ದು, ಬೇರು, ಹುಲ್ಲು, ಏನೂ ಆಗಲಿಲ್ಲ ಎಂಬುದು, ಎಲ್ಲವನ್ನೂ ತೆಲುಗಿನಲ್ಲಿ ಹೇಳಿದಳು. ನಡುವೆ ನನ್ನನ್ನು ಒಮ್ಮೆ ನೋಡಿ, ಧ್ವನಿ ಇಳಿಸಿ, "ಮಾವೋಡು ಚೆಯ್ಯಿ ವದಿಲೇಸಿನಾಡು, ನಾಯನಾ" ಎಂದಳು. ನಮ್ಮ ಹುಡುಗ ಕೈ ಬಿಟ್ಟುಬಿಟ್ಟ, ಎಂದು ಅದರ ಅರ್ಥ. ಅಷ್ಟು ತೆಲುಗು ನನಗೆ ಬರುತ್ತದೆ. ಆದರೆ ಅದನ್ನು ಅವಳು ದೂರಿನ ಹಾಗೆ ಹೇಳಿದಳೋ ಹೆಮ್ಮೆಯಿಂದ ಹೇಳಿದಳೋ ರಾಗದಲ್ಲಿ ನನಗೆ ತಿಳಿಯಲಿಲ್ಲ. ಮುಖ ನೋಡೋಣವೆಂದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿ ಕೂತಿದ್ದಳು. ಅವಳನ್ನೇ ಕೇಳಲು ನನಗೆ ಧೈರ್ಯ ಬಂದಿಲ್ಲ. ಬೇರೆ ಯಾರನ್ನಾದರೂ ಕೇಳೋಣವೆಂದರೆ, ಆ ಧ್ವನಿಯನ್ನು ಕೇಳಿದವನು, ಕೇಳಿ ಅರ್ಥ ಹೇಳಬಲ್ಲವನು, ಅವನೊಬ್ಬನೇ.